ಘೋರಕನ ಮೆತ್ತನೆಯ ಹೊಟ್ಟೆ

ಸೋತವನನ್ನು ಯಾರೂ ಕಾರಣ ಕೇಳುವುದಿಲ್ಲ. ಕೇಳುವ ಅಗತ್ಯವೇ ಇರುವುದಿಲ್ಲ. ನೆರೆಯವರು, ಬೀಗರು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು, ಎಲ್ಲರಿಗೂ ಅವನ ಸೋಲಿನ ಕಾರಣ ಅವನಿಗಿಂತ ಮೊದಲೇ ಗೊತ್ತಿರುತ್ತದೆ. ತೊಂದರೆಯೆಲ್ಲ ಗೆದ್ದಾಗ. ಗೆದ್ದವನನ್ನು ಹಿಡಿದು ಕೂರಿಸಿ, ಚಹಾ ಕುಡಿಸಿ, ಹೇಗೆ ಗೆದ್ದಿರಿ ಎಂದು ಕೇಳುತ್ತಾರೆ. ಆಗ ಚಹಾ ಮಾತ್ರ ಕುಡಿದು ಎದ್ದು ಬರುವವನು ಜಾಣ. ನಾನು ಜಾಣನಲ್ಲ ಎಂಬುದು ನನ್ನ ಹೆಂಡತಿ ಮಹಾದೇವಿಗೆ ಮದುವೆಯಾದ ಹೊಸತರಲ್ಲೇ ತಿಳಿದಿತ್ತು. ನನಗೆ ತಿಳಿಯಲು ಘೋರಕ ಬರಬೇಕಾಯಿತು.

ಘೋರಕ ಒಂದು ಗೊಂಬೆ. ನಾನು ಮಹಾರಾಷ್ಟ್ರದ ಮಿರಜದಲ್ಲಿ ಒಂದು ಆಟಿಕೆ ಕಂಪನಿಯ ಏಜೆನ್ಸಿ ಹಿಡಿದು ಅಂಗಡಿ ಇಟ್ಟವನು. ಒಂದು ಬದಿಗೆ ಔಷಧಿ ಅಂಗಡಿ, ಇನ್ನೊಂದು ಬದಿಗೆ ಸಿತಾರ ತಯಾರಿಸುವವರ ಮಳಿಗೆ, ಎದುರಿಗೆ ದವಾಖಾನೆ. ನಮ್ಮ ಮನೆತನದ ಉದ್ಯೋಗ ಇದಲ್ಲ. ನಮ್ಮಪ್ಪ ಸಾಂಗ್ಲಿಯಲ್ಲಿ ಅರಿಶಿನದ ವ್ಯಾಪಾರಿ. ಅವರ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನೂ ದಲಾಲಿಯೂ ಒಂದು ರುಮಾಲಿನ ಕೆಳಗೆ ಕೈ ಹಾಕಿ, ಬೆರಳು ಹಿಸುಕಿ ದರ ತಿಳಿಸುತ್ತಿದ್ದರು. ಅಪ್ಪ ಹಗಲೆಲ್ಲ ಹಾಗೆ ಮೂಕರಾಗಿ ವ್ಯಾಪಾರ ಮಾಡಿ, ಉಳಿದ ಮಾತನ್ನೆಲ್ಲ ಮನೆಗೆ ತಂದು ನಮ್ಮ ಮೇಲೆ ಸುರಿಯುತ್ತಿದ್ದರು. ನನಗೋ ಅರಿಶಿನದ ಧೂಳಿಗೆ ವಿಪರೀತ ಸೀನು. ರುಮಾಲಿನ ಕೆಳಗೆ ಕೈ ಇದ್ದಾಗಲೇ ಸೀನು ಬಂದು ಬೆರಳು ಬಿಗಿಯುತ್ತಿತ್ತು. ನಾನು ದರ ಏರಿಸಿದೆನೆಂದು ಎದುರಿನವನು ತಿಳಿಯುತ್ತಿದ್ದ. ಹೀಗೆ ನನ್ನ ನೆಗಡಿಯಿಂದ ಸಾಂಗ್ಲಿಯ ಪೇಟೆಯೇ ಏರತೊಡಗಿದಾಗ ಅಪ್ಪ ನನಗೆ ಬೇರೆ ದಂಧೆ ನೋಡಿಕೋ ಎಂದರು. ಆಟಿಕೆಯಲ್ಲಿ ಧೂಳಿರುವುದಿಲ್ಲ ಎಂದು ನಂಬಿ ನಾನು ಮಿರಜಕ್ಕೆ ಬಂದೆ. ಮಾರಾಟವಾಗದ ಆಟಿಕೆಯ ಮೇಲೆ ಎಷ್ಟು ಧೂಳು ಕೂರುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ನಮ್ಮ ಕಂಪನಿಯವು ಮುಖ್ಯವಾಗಿ ಎರಡು ಬ್ರಾಂಡು. ಒಬ್ಬ ವಜ್ರವೀರ, ನಾಯಕ. ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ಸದಾ ಮೇಲೆತ್ತಿದ ಕತ್ತಿ, ಬೆನ್ನಿನ ಗುಂಡಿ ಒತ್ತಿದರೆ 'ನಾನಿರುವಾಗ ಭಯವೇಕೆ' ಎಂದು ಹಿಂದಿಯಲ್ಲಿ ಗುಡುಗುತ್ತಾನೆ. ಜಾಹೀರಾತೆಲ್ಲ ಅವನಿಗೇ. ಇನ್ನೊಬ್ಬ ಘೋರಕ, ವಜ್ರವೀರನ ಕೈಯಲ್ಲಿ ಹೊಡೆಸಿಕೊಳ್ಳಲೆಂದೇ ಹುಟ್ಟಿಸಿದ ರಾಕ್ಷಸ. ಹೊಡೆಸಿಕೊಳ್ಳುವವನಿಗೆ ಖರ್ಚು ಏಕೆಂದು ಅವನನ್ನು ಅಗ್ಗದ ರಬ್ಬರಿನಲ್ಲಿ ಮಾಡಿದ್ದರು. ಹಸಿರು ಮುಖ, ಎರಡು ಕೊಂಬು, ಮುಂದೆ ಬಂದ ಮೆತ್ತನೆಯ ಹೊಟ್ಟೆ. ಆ ಹೊಟ್ಟೆ ಅಮುಕಿದರೆ ಅವನು ಘರ್ಜಿಸಬೇಕೆಂಬುದು ಕಂಪನಿಯ ಆಸೆ. ಆದರೆ ಒಳಗಿನ ಪೀಪಿಯಲ್ಲಿ ಏನು ಕೊರತೆಯೋ, ಅವನು 'ಕುಂಯ್' ಎಂದು ಅಳುತ್ತಿದ್ದ.

ಸಾಂಗ್ಲಿಯಲ್ಲಿ ವಜ್ರವೀರ ಚೆನ್ನಾಗಿ ಹೋಗುತ್ತಿದ್ದ, ಹುಟ್ಟುಹಬ್ಬ ಮಾಡುವ ಜನ ಅಲ್ಲಿ ಹೆಚ್ಚು. ಮಿರಜದಲ್ಲಿ ಎಲ್ಲ ಉಲ್ಟಾ, ಇಲ್ಲಿ ಓಡುತ್ತಿದ್ದವನು ಘೋರಕ. ನಮ್ಮ ಗಿರಾಕಿಗಳು ಅಥಣಿ, ಜಮಖಂಡಿ ಕಡೆಯಿಂದ ರೋಗಿಗಳನ್ನು ಕರೆದುಕೊಂಡು ಬರುವವರು. ಮಗು ದವಾಖಾನೆಯಲ್ಲಿ ಮಲಗಿದ್ದರೆ ಅದರ ಅಜ್ಜಿಯೋ ಅಪ್ಪನೋ ರಸ್ತೆ ದಾಟಿ ಬರುತ್ತಾರೆ. ನಾನು ಕನ್ನಡದಲ್ಲಿ "ಬರ್ರಿ, ಕುಂದರ್ರಿ" ಎಂದೊಡನೆ ಅರ್ಧ ಜಡ್ಡು ಇಳಿದವರ ಹಾಗೆ ಕೂರುತ್ತಾರೆ. ಒಮ್ಮೆ ಒಬ್ಬ ಅಜ್ಜಿ ಬಂದವಳೇ, "ಸೂಜಿ ಚುಚ್ಚಿಸ್ಕೊಂಡು ಅಳೋ ರಾಕ್ಷಸ ಐತೇನ್ರಿ ನಿಮ್ಮ ಕಡೆ?" ಎಂದು ಕೇಳಿದಳು.

"ಯಾವುದಬೇ ಅದು?"

"ನಮ್ಮ ಬಾಜೂ ಕಾಟಿನ ಹುಡುಗಿ ಕಡೆ ಐತ್ರಿ. ಸಿಸ್ಟರ್‌ಬಾಯಿ ಆ ಹುಡುಗಿ ಕೈಯಾಗ ಸೂಜಿ ತಗದ ಪಿಚಕಾರಿ ಕೊಡತಾಳ. ಹುಡುಗಿ ಅದನ್ನ ರಾಕ್ಷಸನ ಹೊಟ್ಟಿಗೆ ಒತ್ತತೈತಿ, ಅಂವ ಕುಂಯ್ ಅಂತಾನ, ಹುಡುಗಿ ನಗತೈತಿ. ನಗೂದ್ರಾಗ ಸಿಸ್ಟರ್‌ಬಾಯಿ ಖರೇ ಇಂಜೆಕ್ಷನ್ ಕೊಟ್ಟ ಬಿಡತಾಳ. ನಮ್ಮ ಮೊಮ್ಮಗ ಮುಂಜಾನಿಂದ ಅದನ್ನ ನೋಡಿ ನನಗೂ ಬೇಕು ಅಂತ ಹಟಾ ಹಿಡಿದಾನ."

ಇಷ್ಟೇ ಇದರ ರಹಸ್ಯ. ಒಂದು ಕಾಟಿನಿಂದ ಇನ್ನೊಂದು ಕಾಟಿಗೆ, ಒಂದು ವಾರ್ಡಿನಿಂದ ಇನ್ನೊಂದು ವಾರ್ಡಿಗೆ ಘೋರಕನ ಕೀರ್ತಿ ಹಬ್ಬಿತು. ವಜ್ರವೀರನನ್ನು ಕೇಳುವವರಿಲ್ಲ. ಅವನ ಕವಚಕ್ಕೆ ಪಿಚಕಾರಿ ನಾಟುವುದಿಲ್ಲ, ಮೇಲಾಗಿ ಅವನು ಅಳುವುದಿಲ್ಲ. ಜ್ವರ ಬಂದ ಮಗುವಿಗೆ ತನಗಿಂತ ಧೈರ್ಯವಂತ ಪಕ್ಕದಲ್ಲಿ ಮಲಗಿರುವುದು ಬೇಕಾಗಿರಲಿಲ್ಲ.

ಹೀಗಿರುವಾಗ ಕಂಪನಿಯಿಂದ ಒಂದು ಸುದ್ದಿ ಬಂತು. ಸಾಂಗ್ಲಿ, ಮಿರಜ ಎರಡು ಊರಿಗೆ ಎರಡು ಏಜೆನ್ಸಿ ಏಕೆ, ನಡುವೆ ಹೊಲ ಕೂಡ ಉಳಿದಿಲ್ಲವಲ್ಲ, ಒಂದನ್ನು ಇನ್ನೊಂದರ ಕೈಕೆಳಗೆ ಹಾಕೋಣ ಎಂದು ಪುಣೆಯಲ್ಲಿ ಯೋಚನೆ ನಡೆದಿತ್ತು. ಸಾಂಗ್ಲಿಯ ಏಜೆನ್ಸಿ ಬೇರೆ ಯಾರದೋ ಆಗಿದ್ದರೆ ನಾನು ಸಹಿಸುತ್ತಿದ್ದೆ. ಅದು ಚನ್ನಬಸಣ್ಣನದು. ಚನ್ನಬಸಣ್ಣ ನನ್ನ ಷಡ್ಡಕ, ಅಂದರೆ ಮಹಾದೇವಿಯ ಅಕ್ಕನ ಗಂಡ. ನಮ್ಮ ಮಾವನ ಮನೆಯ ಯಾವ ಪಂಗತಿಯಲ್ಲೂ ಮೊದಲ ಮಣೆ ಅವನದು, ಮೊದಲ ಹೋಳಿಗೆ ಅವನದು, ತುಪ್ಪ ಅವನಿಗೆ ಬಡಿಸಿ ಉಳಿದದ್ದು ನನಗೆ. ಇನ್ನು ಗೊಂಬೆಯನ್ನೂ ಅವನೇ ಬಡಿಸುವಂತಾದರೆ ನಾನು ಮಿರಜ ಜಂಕ್ಷನ್ನಿನಿಂದ ಯಾವುದಾದರೊಂದು ರೈಲು ಹತ್ತಿ ಹೋಗಬೇಕಷ್ಟೇ.

ಆ ಹೆದರಿಕೆಯಲ್ಲಿದ್ದಾಗಲೇ ಮ್ಯಾನೇಜರ್ ಜೋಗಳೇಕರ್ ಸಾಹೇಬರು ಪುಣೆಯಿಂದ ಬಂದರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಆದರೆ ಲ್ಯಾಪ್‌ಟಾಪ್ ತೆರೆದರೆ ಹಿರಿಯರಾಗುತ್ತಾರೆ. ಅವರು ಮಾತಾಡಿದ್ದು ಮರಾಠಿ. ನಿಮಗಾಗಿ ಕನ್ನಡ ಮಾಡಿದ್ದೇನೆ. ನಡುನಡುವಿನ ಇಂಗ್ಲಿಷನ್ನು ಹಾಗೇ ಬಿಟ್ಟಿದ್ದೇನೆ, ಅದು ನನಗೂ ಅರ್ಥವಾಗಿಲ್ಲ. ಪ್ರತಿ ಗೊಂಬೆ ಮಾರಿದಾಗ ಅದರ ಪೆಟ್ಟಿಗೆಯ ಗುರುತನ್ನು ನಾವು ಫೋನಿಗೆ ತೋರಿಸಬೇಕು. ಫೋನು ಟಿಂಗ್ ಎಂದರೆ ಮಾರಾಟ ಪುಣೆಗೆ ಮುಟ್ಟಿದಂತೆ. ಆ ಟಿಂಗುಗಳೆಲ್ಲ ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಕಂಬಗಳಾಗಿ ನಿಂತಿದ್ದವು. ಎಲ್ಲ ಊರುಗಳಲ್ಲೂ ವಜ್ರವೀರನ ನೀಲಿ ಕಂಬ ಎತ್ತರ. ಮಿರಜದಲ್ಲಿ ಮಾತ್ರ ಘೋರಕನ ಹಸಿರು ಕಂಬ ಪರದೆ ಹರಿದು ಹೊರಬರುವಷ್ಟು ಬೆಳೆದಿತ್ತು.

"ದೇಶದಲ್ಲಿ ಎಲ್ಲೂ ಹೀಗಿಲ್ಲ. ವಿಲನ್ ಹೀರೋನನ್ನು ಹಿಂದೆ ಹಾಕಿದ್ದಾನೆ. ಏಕೆ?" ಎಂದರು.

ನಾನು ನಿಜವನ್ನೇ ಹೇಳಿದೆ. "ಹೊಟ್ಟೆ ಮೆತ್ತಗಿದೆ ಸಾಹೇಬರೇ" ಎಂದು ಪಿಚಕಾರಿಯ ಕಥೆ ಶುರುಮಾಡಿದೆ.

ಲ್ಯಾಪ್‌ಟಾಪಿನ ಮೇಲೆ ಆಡುತ್ತಿದ್ದ ಅವರ ಬೆರಳು ನಿಂತವು. "ಈರಣ್ಣಾಜಿ, ಅದು ಫೀಚರ್. ನನಗೆ ಇನ್‌ಸೈಟ್ ಬೇಕು. ಹೊಟ್ಟೆ ಮೆತ್ತಗಿದೆ ಎಂದು ನಾನು ನಮ್ಮ ದೊಡ್ಡ ಸಾಹೇಬರಿಗೆ ಹೇಳಲೇ?" ಎಂದು ಲ್ಯಾಪ್‌ಟಾಪನ್ನು ಮುಚ್ಚಲು ಹೊರಟರು. ಆ ಮುಚ್ಚಳದ ಜೊತೆ ನನ್ನ ಏಜೆನ್ಸಿಯೂ ಮುಚ್ಚುತ್ತಿರುವುದು ನನಗೆ ಕಂಡಿತು, ಅದರ ಹಿಂದೆ ತುಪ್ಪದ ಬಟ್ಟಲು ಹಿಡಿದ ಚನ್ನಬಸಣ್ಣನೂ ಕಂಡ. ನಾನು ಗಂಟಲು ಸರಿಮಾಡಿಕೊಂಡೆ. "ಮಿರಜ ನೋವಿನ ಊರು ಸಾಹೇಬರೇ. ಇಲ್ಲಿಯ ಜನ ದಿನಬೆಳಗಾದರೆ ಸಂಕಟ ನೋಡುತ್ತಾರೆ. ಅವರಿಗೆ ಸಮಾಧಾನ ಹೇಳುವ ನಾಯಕ ಬೇಡ. ಶತ್ರುವಿನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಶತ್ರು ಎಷ್ಟು ಕ್ರೂರನೋ ಇವರ ಧೈರ್ಯ ಅಷ್ಟು ದೊಡ್ಡದು."

ಇದೆಲ್ಲ ನನ್ನೊಳಗೆ ಎಲ್ಲಿತ್ತೋ ದೇವರಿಗೇ ಗೊತ್ತು. ಜೋಗಳೇಕರ್ ಸಾಹೇಬರು ಒಂದಕ್ಷರ ಬಿಡದೆ ಬೆರಳಚ್ಚಿಸಿ, ಇನ್ನೊಂದು ಚಹಾ ತರಿಸಿ ಎಂದರು. ಎರಡನೆಯ ಚಹಾ ಕೇಳಿದರೆ ಏಜೆನ್ಸಿ ಉಳಿಯಿತು ಎಂದರ್ಥ. ತಿಂಗಳೊಳಗೆ ಪುಣೆಯ ಡೀಲರ್ ಸಭೆಯಲ್ಲಿ ಇದನ್ನೇ ಭಾಷಣ ಮಾಡಬೇಕೆಂದು ಕರೆ ಬಂತು.

ಮದುವೆಯ ಕೋಟು ಹೊರತೆಗೆದು ಕನ್ನಡಿಯ ಮುಂದೆ ನಿಂತಾಗ ಮಹಾದೇವಿ ಕೇಳಿದಳು, "ಏನ ಹೇಳಾವ್ರು ಅಲ್ಲಿ?"

"ಮಿರಜದ ಮಂದಿ ಶತ್ರುವಿನ ಕಣ್ಣಾಗ ಕಣ್ಣಿಟ್ಟು…"

"ಯಾ ಶತ್ರುರೀ? ಹೊಟ್ಟಿ ಮೆತ್ತಗ ಐತಿ ಅಂತ ಹೇಳಿ, ಊಟಾ ಮಾಡಿ ಬರ್ರಿ. ಇಲ್ಲದ್ದ ಯಾಕ ಹೇಳತೀರಿ?"

"ನಿನಗ ತಿಳಿಯೂದಿಲ್ಲ, ಅದು ಫೀಚರ್" ಎಂದೆ. ಅವಳು ಕೋಟಿನ ಗುಂಡಿ ಬಿಗಿಯಾಗುವುದನ್ನು ನೋಡಿ, "ನಿಮ್ಮ ಹೊಟ್ಟೀನೂ ಮೆತ್ತಗ ಆಗೇತಿ" ಎಂದು ಒಳಗೆ ಹೋದಳು.

ಭಾಷಣ ಅಮೋಘವಾಗಿ ಆಯಿತು. ಹೋಟೆಲಿನ ಸಭಾಂಗಣದಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಗಾಜಿನ ಒಂದು ಫಲಕ ಕೊಟ್ಟರು. ಅದರ ಮುಂದಿನ ಹಬ್ಬಕ್ಕೆ ಮಾವನ ಮನೆಯಲ್ಲಿ ಅತ್ತೆ ಮೊದಲ ಹೋಳಿಗೆ ನನ್ನ ಎಲೆಗೆ ಹಾಕಿದರು. ಚನ್ನಬಸಣ್ಣ ತಲೆಯೆತ್ತದೆ ಉಂಡ. ಸುಳ್ಳು ಹೇಳಬಾರದು, ಆ ಹೋಳಿಗೆಯಷ್ಟು ರುಚಿಯಾದದ್ದನ್ನು ನಾನು ಜನ್ಮದಲ್ಲಿ ತಿಂದಿಲ್ಲ.

ಕಂಪನಿ ನನ್ನ ಭಾಷಣವನ್ನು ಬರೀ ಕೇಳಿ ಬಿಟ್ಟಿದ್ದರೆ ಎಲ್ಲ ಸುಖವಾಗಿರುತ್ತಿತ್ತು. ದೊಡ್ಡವರು ಅದನ್ನು ನಂಬಿಬಿಟ್ಟರು. ಕೆಲವು ತಿಂಗಳಾದ ಮೇಲೆ ಹೊಸ ಘೋರಕ ಬಂದ. 'ಮಹಾಕ್ರೂರ' ಎಂದು ಪೆಟ್ಟಿಗೆಯ ಮೇಲೆಯೇ ಅಚ್ಚು. ಕೊಂಬು ಮೂರಾಗಿದ್ದವು, ಕಣ್ಣಿಗೆ ಕೆಂಪು ದೀಪ ಹತ್ತುತ್ತಿತ್ತು, ಪೀಪಿಯ ಕೊರತೆ ನೀಗಿತ್ತು, ಮತ್ತು ಹೊಟ್ಟೆಯ ಮೇಲೆ ವಜ್ರವೀರನನ್ನೂ ನಾಚಿಸುವ ಕವಚ. ಹಳೆಯ ಘೋರಕನ ತಯಾರಿಕೆ ನಿಲ್ಲಿಸಿದ್ದರು.

ಮೊದಲ ಗಿರಾಕಿ ಜಮಖಂಡಿಯ ಕಡೆಯ ಒಬ್ಬ ಅಜ್ಜ. ಮೊಮ್ಮಗಳನ್ನು ಎತ್ತಿಕೊಂಡಿದ್ದ. ಗೊಂಬೆ ತೆಗೆದುಕೊಂಡು ಹಣ್ಣು ನೋಡುವವನಂತೆ ಹೆಬ್ಬೆರಳಿನಿಂದ ಹೊಟ್ಟೆ ಒತ್ತಿದ. ಘೋರಕ ಎಷ್ಟು ಜೋರಾಗಿ ಘರ್ಜಿಸಿದನೆಂದರೆ ಮಗು ಅಜ್ಜನ ಹೆಗಲಿನಲ್ಲಿ ಮುಖ ಹುದುಗಿಸಿ ಚೀರತೊಡಗಿತು. ಪಕ್ಕದ ಸಿತಾರದವರು ಓಡಿ ಬಂದರು.

"ಗಟ್ಟಿ ಐತೆಲ್ರಿ ಇದು. ಅಳಾವ ಇಲ್ಲೇನು?"

"ಇದು ಹೊಸಾದ ಐತ್ರಿ ಅಜ್ಜಾರ, ಭಾಳ ಶೂರ."

"ಶೂರನ್ನ ತಗೊಂಡ ಏನ ಮಾಡೂದ್ರಿ? ಮೊದಲ ಒಂದ ಸೂಜಿಗೆ ಅಂಜತಿತ್ತು, ಈಗ ನಿಮ್ಮ ಅಂಗಡಿಗೂ ಅಂಜತೈತಿ" ಎಂದು ಅಜ್ಜ ಮಗುವಿನ ಬೆನ್ನು ತಟ್ಟುತ್ತ ರಸ್ತೆ ದಾಟಿದ. ಆ ಮಗು ಅಳುತ್ತಲೇ ಸೂಜಿ ಚುಚ್ಚಿಸಿಕೊಳ್ಳಲು ಹೋಯಿತಲ್ಲ ಎಂದು ನನಗೆ ನಿಜವಾಗಿ ಕೆಟ್ಟೆನಿಸಿತು. ನನ್ನ ಇನ್‌ಸೈಟು ನನ್ನ ಕಣ್ಣೆದುರಿಗೇ ಮಕ್ಕಳನ್ನು ಅಳಿಸುತ್ತಿತ್ತು. ದಿನವೂ ಯಾರಾದರೂ ಬಂದು ಮೆತ್ತನೆಯವನನ್ನು ಕೇಳುವುದು, ನಾನು ಇಲ್ಲವೆನ್ನುವುದು. ಎದುರಿಗೆ ಗಾಜಿನ ಫಲಕ ಹೊಳೆಯುತ್ತಿತ್ತು.

ಮೆತ್ತನೆಯ ಘೋರಕ ಉಳಿದಿದ್ದದ್ದು ಒಂದೇ ಕಡೆ: ಚನ್ನಬಸಣ್ಣನ ಅಟ್ಟದ ಮೇಲೆ. ಸಾಂಗ್ಲಿಯಲ್ಲಿ ಅವನನ್ನು ಯಾರೂ ಮೂಸಿಯೂ ನೋಡಿರಲಿಲ್ಲ. ಹಟ ನುಂಗಿಕೊಂಡು ಹೋದೆ. ವಿಷಯ ಕೇಳಿ ಚನ್ನಬಸಣ್ಣ ತಾನೇ ಏಣಿ ಹಾಕಿದ.

"ಎಲ್ಲಾ ಒಯ್ಯಿ ಈರಣ್ಣಾ. ಅಟ್ಟಾ ಖಾಲಿ ಆದ್ರ ನಿಮ್ಮ ಅಕ್ಕಾ ಹಪ್ಪಳದ ಡಬ್ಬಿ ಇಡತಾಳಂತ" ಎಂದು ಒಂದೊಂದೇ ಪೆಟ್ಟಿಗೆಯನ್ನು ಫೋನಿಗೆ ತೋರಿಸಿ ಕೆಳಗೆ ಕೊಟ್ಟ.

"ಫೋನಿಗ್ಯಾಕ ತೋರಸ್ತೀರಿ ಅಣ್ಣಾ?"

"ಮಾರೀನಲ್ಲೋ ನಿನಗ. ಬರೋಬರ ಹಿಸೇಬ ಇರಬೇಕು."

ಆಟೋದ ತುಂಬ ಘೋರಕರನ್ನು ತುಂಬಿಕೊಂಡು ಮಿರಜಕ್ಕೆ ಬಂದೆ. ಎದುರಿನ ವಾರ್ಡುಗಳಲ್ಲಿ ಮತ್ತೆ ಕುಂಯ್ ಶುರುವಾಯಿತು. ಎಷ್ಟೋ ದಿನಗಳ ಮೇಲೆ ನಾನು ನೆಮ್ಮದಿಯಿಂದ ಉಂಡೆ. ಆ ಪೆಟ್ಟಿಗೆಗಳಿಗೆ ಎರಡನೆಯ ಸಲ ಟಿಂಗ್ ಅನ್ನಲು ನನ್ನ ಫೋನು ಒಪ್ಪಲಿಲ್ಲ. ಒಪ್ಪದಿದ್ದರೇನು, ಮಾರಾಟವಂತೂ ಆಗುತ್ತಿದೆ ಎಂದು ಸುಮ್ಮನಾದೆ.

ಪುಣೆ ಸುಮ್ಮನಾಗಲಿಲ್ಲ. ಜೋಗಳೇಕರ್ ಸಾಹೇಬರ ಫೋನು ಬಂತು. "ಈರಣ್ಣಾಜಿ, ಮಿರಜದಲ್ಲಿ ಘೋರಕನ ಕಂಬ ಮಲಗಿಬಿಟ್ಟಿದೆ. ಸಾಂಗ್ಲಿಯಲ್ಲಿ ಒಮ್ಮೆಲೇ ಎದ್ದಿದೆ. ನೀವು ಹೇಳಿದ್ದ ಆ ಧೈರ್ಯವೆಲ್ಲ ಸಾಂಗ್ಲಿಗೆ ಹೋಗಿದೆ."

ನಾನು ಎರಡನೆಯ ಸಲ ನಿಜ ಹೇಳಿದೆ. ಅಟ್ಟ, ಏಣಿ, ಆಟೋ, ಮೆತ್ತನೆಯ ಹೊಟ್ಟೆ, ಒಂದೂ ಬಿಡದೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಮತ್ತೆ ಫೀಚರಿಗೇ ಬಂದಿರಿ. ಮೊದಲು ಎಷ್ಟು ಚೆನ್ನಾಗಿ ಯೋಚಿಸುತ್ತಿದ್ದಿರಿ" ಎಂದು ಮರುಗಿದರು. ಮಿರಜ ಏಜೆನ್ಸಿಯನ್ನು ಸಾಂಗ್ಲಿಯ ಕೈಕೆಳಗೆ ಹಾಕಿದ್ದಾರೆಂದೂ, ಈ ಸಲದ ಭಾಷಣ ಚನ್ನಬಸಣ್ಣನದೆಂದೂ ತಿಳಿಸಿದರು.

ಅದೇ ಸಂಜೆ ಚನ್ನಬಸಣ್ಣ ಮನೆಗೆ ಬಂದ. ಗೆದ್ದವನ ಮುಖವಾಗಿರಲಿಲ್ಲ ಅದು, ಬೆವತಿದ್ದ. "ಈರಣ್ಣಾ, ಯಾಕ ಮಾರ್ಯಾವ ಅಂತ ಕೇಳ್ತಾರಂತಲ್ಲೋ. ನನಗೇನ ಗೊತ್ತು? ನೀನು ಆವತ್ತ ಏನರೆ ಹೇಳಿದ್ದೆಲ್ಲಾ, ಅದನ್ನ ಚೂರ ಹೇಳಿಕೊಡ" ಎಂದ. ಇವನಿಗಾದರೂ ನಿಜ ಹೇಳಲಿ ಎಂಬಂತೆ ಮಹಾದೇವಿ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಆದರೆ ನನ್ನ ಭಾಷಣವನ್ನು ಬೇಕೆಂದು ಕೇಳಿಕೊಂಡು ಬಂದವನು ಅವನೊಬ್ಬನೇ. ಮಿರಜ ಇದ್ದಲ್ಲೆಲ್ಲ ಸಾಂಗ್ಲಿ ಹಾಕಿದೆ. ದವಾಖಾನೆಯ ನೋವು ತೆಗೆದು ಕೃಷ್ಣೆಯ ಮಹಾಪೂರ ಸೇರಿಸಿದೆ: ಮನೆಯ ಹೊಸ್ತಿಲಿಗೆ ಹೊಳೆ ಬಂದದ್ದನ್ನು ಕಂಡ ಜನ, ಶತ್ರುವಿನ ಕಣ್ಣಲ್ಲಿ ಕಣ್ಣಿಟ್ಟು ನೋಡಬಲ್ಲರು. ಹಳೆಯದಕ್ಕಿಂತ ಇದೇ ಹೆಚ್ಚು ಕಳೆಗಟ್ಟಿತು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದನ್ನೂ ಹೇಳಿಕೊಟ್ಟೆ.

ಪುಣೆಯ ಸಭೆಯಲ್ಲಿ ಕೈಕೆಳಗಿನವರಿಗೆ ಕೊನೆಯ ಸಾಲು. ಚನ್ನಬಸಣ್ಣ ಹೊಳೆಯ ಮಾತಿಗೆ ಬಂದು, ನಾನು ಹೇಳಿಕೊಟ್ಟಲ್ಲೇ ನಿಂತು, ದನಿ ತಗ್ಗಿಸಿದ. ನನ್ನ ಕಣ್ಣು ಒದ್ದೆಯಾದವು. ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವನು ನಾನೇ. ಪಕ್ಕದಲ್ಲಿದ್ದ ಬೆಳಗಾವಿಯ ಡೀಲರ್ ನನ್ನ ಕಡೆ ಬಾಗಿ, "ಭಾಳ ತಿಳದ ಮನಷ್ಯಾ ನೋಡ್ರಿ ಇವರು. ಹ್ವಾದ ಸಲ ಇದ ಜಾಗಾದಾಗ ಮಿರಜದಾಂವ ಯಾವನೋ ಒಬ್ಬ ಏನೇನೋ ಹರಟಿ ಹ್ವಾದ" ಎಂದ.

"ಹೌದ್ರಿ, ಅಂವ ಇರೂದ ಹಂಗ" ಎಂದು ನಾನು ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದೆ.