ಗಮನಕ್ಕನ ಮೊದಲ ಆಲ್ಬಮ್

ಎಲ್ಲ ಶುರುವಾದದ್ದು ಕೆಳಗಿನ ಕ್ಷೌರದಂಗಡಿಯ ಹೊಸ ಸ್ಪೀಕರಿನಿಂದ. ಅದು ಬಂದು ಎರಡು ದಿನವಾಗಿತ್ತಷ್ಟೆ. ಅದರಲ್ಲಿ ಏನಾದರೂ ಹಾಕದೆ ಅಂಗಡಿಯವನ ಕೈ ಸುಮ್ಮನಿರುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಮಹಡಿ ಮನೆಯ ಗಮನಕ್ಕನ ಮೊದಲ ಆಲ್ಬಮ್ ಮೊಬೈಲಿನಲ್ಲಿ ಬಿಡುಗಡೆಯಾಯಿತು. ಎಂಟೂಕಾಲಿಗೆ ಅವನು ಅದನ್ನು ಹಾಕಿದ. ಎಂಟೂವರೆಗೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೊಬ್ಬ, ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ, ಚೀಲ ಎತ್ತಿಕೊಂಡು ಬೀದಿಯಲ್ಲಿ ಓಡುತ್ತಿದ್ದ.

ಗಮನಕ್ಕ ಅನ್ನುವುದು ಅವಳ ಹೆಸರಲ್ಲ. ಹನ್ನೊಂದು ವರ್ಷದಿಂದ ಅವಳು ರೈಲು ನಿಲ್ದಾಣದ ಮೈಕಿನ ಮುಂದೆ ಕೂತು 'ಪ್ರಯಾಣಿಕರ ಗಮನಕ್ಕೆ' ಎನ್ನುತ್ತ ಬಂದಿದ್ದಳು. ಗಮನಕ್ಕೆ ಹೋಗಿ ಗಮನಕ್ಕ ಆಗಲು ಊರಿಗೆ ಒಂದು ವಾರವೂ ಹಿಡಿಯಲಿಲ್ಲ. ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ.

ಹಾಡು ಅವಳ ಹಳೆಯ ಹುಚ್ಚು. ಚಿಕ್ಕಮ್ಮನ ಮಗ ರೇಡಿಯೋ, ಟೀವಿ ರಿಪೇರಿ ಮಾಡುವವನು. ಅವನನ್ನು ಎಲ್ಲರೂ ಕರೆಯುವುದೂ ರಿಪೇರಿ ಎಂದೇ. ಅವನು ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಹಳೆಯ ಕಂಬಳಿ ಹೊಡೆದು ಸ್ಟುಡಿಯೋ ಮಾಡಿದ್ದ. ವಾರದ ರಜೆಯಂದು ಅಕ್ಕ ತಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ, ಹೊರಬರುವಾಗ ಇಬ್ಬರೂ ಆವಿಯಲ್ಲಿ ಬೆಂದ ತರಕಾರಿಯಂತೆ ಇರುತ್ತಿದ್ದರು. ಫ್ಯಾನು ಹಾಕುವಂತಿರಲಿಲ್ಲ, ಅದರ ಕಿರಕಿರವೂ ಹಾಡಿನೊಳಗೆ ಬಂದು ಕೂರುತ್ತಿತ್ತು. ಡ್ರಮ್ಮಿಗೆ ಬಿಸ್ಕತ್ತಿನ ಖಾಲಿ ಡಬ್ಬ, ತಾಳಕ್ಕೆ ರಿಪೇರಿಗೆ ಬಂದು ವಾರಸುದಾರರಿಲ್ಲದೆ ಉಳಿದ ವಾಷಿಂಗ್ ಮೆಷಿನ್ನು. ಕೀಬೋರ್ಡಿನಲ್ಲಿ ಮೂರು ಮನೆ ಸತ್ತಿದ್ದವು. ಆ ಮೂರು ಸ್ವರಗಳು ಯಾವ ಹಾಡಿನಲ್ಲೂ ಇಲ್ಲ. ಹೀಗೆ ಹತ್ತು ತಿಂಗಳಿಗೆ ಒಂಬತ್ತು ಹಾಡು. ಒಂಬತ್ತೂ ಹಾಡು ಎರಡು ವರ್ಷದ ಹಿಂದೆ ಮದುವೆಗೆ ಒಪ್ಪಿ ಆಮೇಲೆ ಕೈಕೊಟ್ಟವನೊಬ್ಬನ ಮೇಲೆ.

"ಇದು ಆಲ್ಟರ್ನೇಟಿವ್ ಪಾಪ್ ಅಂತ ಆಗುತ್ತೆ ಅಕ್ಕ," ಎಂದಿದ್ದ ರಿಪೇರಿ.

ಅವಳ ಅಮ್ಮ ಅದನ್ನು ನೆರೆಹೊರೆಗೆ ಬಿಡಿಸಿ ಹೇಳಿದಳು: "ಪಾಪ್ ಸಿಗದೇ ಇದ್ದಾಗ ಅದರ ಬದಲಿಗೆ ಕೇಳೋದಂತೆ ಕಣ್ರೀ."

ಆ ಬೆಳಿಗ್ಗೆ ಗಮನಕ್ಕನಿಗೆ ತನ್ನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಾಡು ಚೆನ್ನಾಗಿವೆ, ಜನಕ್ಕೆ ಕಿವಿ ಇದೆ, ಇನ್ನೇನು ಬೇಕು. ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಅಭಿನಂದನೆಗಾಗಿ ಬಾಗಿಲು ತೆಗೆದಿಟ್ಟೇ ಕೂತಿದ್ದಳು. ಮೊದಲು ಬಂದವನು ಕ್ಷೌರದಂಗಡಿಯವನು, ಕೈಯಲ್ಲಿ ನೊರೆ ಮೆತ್ತಿದ ಬ್ರಷ್ಷಿನೊಂದಿಗೆ.

"ಗಮನಕ್ಕ, ಹಾಡು ಭಾರಿ ಚೆನ್ನಾಗಿದೆ. ಆದ್ರೆ ಕುರ್ಚೀಲಿ ಯಾರೂ ಕೂರ್ತಿಲ್ಲ."

"ಅಂದ್ರೆ?"

"ಮೊದಲನೇ ಹಾಡಿಗೆ ಒಬ್ಬ ಓಡಿಹೋದ. ಎರಡನೇದ್ರಲ್ಲಿ 'ತಡವಾಯಿತು, ಇನ್ನೂ ತಡವಾಗಬಹುದು' ಅಂತ ಬರುತ್ತಲ್ಲ, ಅದಕ್ಕೆ ಇಬ್ಬರು ಗೊಣಗಿಕೊಂಡು ಕಾಫಿಗೆ ಎದ್ದುಹೋದ್ರು. ಇನ್ನೂ ಬಂದಿಲ್ಲ."

"ಮನಸ್ಸಿಗೆ ತಟ್ಟಿದ್ರೆ ಕೂರೋಕಾಗುತ್ತೇನಪ್ಪಾ. ಅದು ಹಾಡಿನ ಶಕ್ತಿ," ಎಂದಳು ಗಮನಕ್ಕ. ಅವನು ಬ್ರಷ್ಷಿನಿಂದಲೇ ತಲೆ ಕೆರೆದುಕೊಂಡು, ಕೂದಲಿಗೆ ನೊರೆ ಹಚ್ಚಿಕೊಂಡು ಇಳಿದುಹೋದ.

ಹತ್ತು ಗಂಟೆಗೆ ಎದುರುಮನೆಯ ನಿವೃತ್ತ ಗಣಿತದ ಮೇಷ್ಟ್ರು ಬಂದರು. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಕಾಗದ.

"ಒಂಬತ್ತೂ ಹಾಡು ಕೇಳ್ದೆನಮ್ಮ. ಎಷ್ಟನೇ ಪ್ಲಾಟ್‌ಫಾರ್ಮು ಅಂತ ಕೊನೇವರೆಗೂ ಹೇಳ್ಲಿಲ್ವಲ್ಲ."

"ಅವು ಪ್ರೀತಿ ಹಾಡು ಮೇಷ್ಟ್ರೇ."

"ಇರ್ಲಿ. ಪ್ರೀತೀಲೂ ಎಲ್ಲಿ ನಿಂತ್ಕೊಂಡು ಕಾಯಬೇಕು ಅಂತ ಗೊತ್ತಾಗ್ಬೇಕಲ್ಲ."

ಅದು ಗೊತ್ತಿದ್ದರೆ ಗಮನಕ್ಕನಿಗೆ ಹಾಡು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮನ ಮೊಬೈಲು ನಾಲ್ಕನೇ ಹಾಡು ಹಾಡುತ್ತಿತ್ತು. ಅಮ್ಮ ಪಾತ್ರೆ ಉಜ್ಜುತ್ತಲೇ ಕೂಗಿ ಕೇಳಿದಳು, "ಯಾವ ಗಾಡಿಯೇ ಅದು?"

ಗಮನಕ್ಕ ಎದ್ದು, ಅಭಿನಂದನೆಗೆಂದು ತೆಗೆದಿಟ್ಟಿದ್ದ ಬಾಗಿಲನ್ನು ಅರ್ಧ ಮುಚ್ಚಿದಳು. ಆದರೆ ಹನ್ನೆರಡಕ್ಕೆ ರಿಪೇರಿ ಏದುಸಿರು ಬಿಡುತ್ತ ಬಂದ.

"ಅಕ್ಕ, ವಿಮರ್ಶಕರು ಬರ್ತಿದ್ದಾರೆ. ನಾನು ಹಾಡು ಕಳಿಸಿದ್ನಲ್ಲ, ದೊಡ್ಡ ಪೇಪರ್‌ನೋರು. ದಾರಿಯುದ್ದಕ್ಕೂ ನಿನ್ನ ಆಲ್ಬಮ್ಮೇ ಕೇಳ್ಕೊಂಡು ಬರ್ತಾರಂತೆ. ಮೂರು ಗಂಟೆ ಗಾಡಿ."

ಗಮನಕ್ಕ ಮತ್ತೆ ನೆಟ್ಟಗಾದಳು. ಕ್ಷೌರದಂಗಡಿ, ಮೇಷ್ಟ್ರು, ಅಮ್ಮ, ಇವರೆಲ್ಲ ಸರಿ. ಹಾಡನ್ನು ಹಾಡಾಗಿ ಕೇಳುವವರು ಒಬ್ಬರು ಬಂದರೆ ಸಾಕು.

ಎರಡೂವರೆಗೇ ಇಬ್ಬರೂ ನಿಲ್ದಾಣದಲ್ಲಿದ್ದರು. ಅವಳಿಗೆ ತಿಳಿಯದ ಸಂಗತಿಯೊಂದಿತ್ತು. ಸ್ಟೇಷನ್ ಮಾಸ್ಟರು ಅವಳನ್ನು ಮಗಳಂತೆ ಕಾಣುವ ಮನುಷ್ಯ. ನಿವೃತ್ತಿಗೆ ಎಂಟು ತಿಂಗಳಿತ್ತು. ವಿಮರ್ಶಕರು ಬರುವ ಸುದ್ದಿ ಕೇಳಿ, ತಮ್ಮ ನಿಲ್ದಾಣದ ಹುಡುಗಿಗೆ ತಾವೂ ಏನಾದರೂ ಮಾಡಬೇಕೆಂದು ಅವರಿಗೆ ಆಸೆಯಾಗಿತ್ತು. ಮೂರರ ಗಾಡಿ ಬಂದು ನಿಂತದ್ದೇ ತಡ, ಅವರು ತಮ್ಮ ಮೊಬೈಲನ್ನು ಮೈಕಿನ ಬಾಯಿಗೆ ಹಿಡಿದು ಮೊದಲನೇ ಹಾಡು ಒತ್ತಿದರು.

ಇಪ್ಪತ್ತನಾಲ್ಕು ಸ್ಪೀಕರುಗಳು ಒಟ್ಟಿಗೆ ಹಾಡಿದವು:

"ಇಳಿದುಬಿಡು, ಇಳಿದುಬಿಡು,
ಈ ಪಯಣ ಇಲ್ಲಿಗೆ ಮುಗಿಯಿತು.
ನಿನ್ನದೆಂಬುದನೆಲ್ಲ ಮರೆಯದೆ ಎತ್ತಿಕೊಂಡು
ಇಳಿದುಬಿಡು."

ಗೋಣಿಚೀಲದ ಹೊಲಿಗೆ ಬಿಚ್ಚಿದ ಹಾಗೆ ಗಾಡಿಯಿಂದ ಜನ ಸುರಿದರು. ಸೂಟ್‌ಕೇಸು, ಹಾಸಿಗೆ ಸುರುಳಿ, ಅಳುವ ಮಕ್ಕಳು, ಮೇಲಿನ ಬರ್ತಿನಲ್ಲಿ ಮಲಗಿದ್ದು ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿದವರು. ನಡುವಿನಲ್ಲಿ ವಾಷಿಂಗ್ ಮೆಷಿನ್ನಿನ ತಾಳ ಶುರುವಾದಾಗ ಎಂಜಿನ್ನೇ ಕೆಟ್ಟಿದೆ ಎಂದುಕೊಂಡು ಉಳಿದವರೂ ಧುಮುಕಿದರು.

ಗಮನಕ್ಕ ಸೀರೆ ಎತ್ತಿ ಹಿಡಿದು ಮೈಕಿನ ಕೋಣೆಯ ಮೆಟ್ಟಿಲು ಹತ್ತಿ ಓಡಿದಳು. ಸ್ಟೇಷನ್ ಮಾಸ್ಟರು ಮುಗುಳ್ನಗುತ್ತ, "ಹೇಗಿದೆಯಮ್ಮ?" ಎನ್ನುವಷ್ಟರಲ್ಲಿ ಮೊಬೈಲು ಕಿತ್ತು ಪಕ್ಕಕ್ಕಿಟ್ಟು ಮೈಕು ಹಿಡಿದಳು.

"ಪ್ರಯಾಣಿಕರ ಗಮನಕ್ಕೆ. ಈಗ ಕೇಳಿದ್ದು ಪ್ರಕಟಣೆ ಅಲ್ಲ, ಹಾಡು. ಇಳಿದವರೆಲ್ಲ ದಯವಿಟ್ಟು ಮತ್ತೆ ಹತ್ತಿ. ಒಳಗಿರುವವರು ಕೂತಲ್ಲೇ ಕೂತಿರಿ."

ಕೆಳಗೆ ಮುದುಕಿಯೊಬ್ಬಳು ಗಂಟಿನ ಮೇಲೆ ಕೂರುತ್ತ, "ಈಗ ಹಾಡು ಶುರುವಾಯ್ತು ನೋಡು," ಎಂದಳು.

"ಮೊದಲು ಹೇಳಿದ್ದೇ ಸ್ಪಷ್ಟವಾಗಿತ್ತು," ಎಂದ ಅವಳ ಮಗ.

ಒಬ್ಬರೂ ಹತ್ತಲಿಲ್ಲ. ಎರಡನೇ ಸಲ ಜೋರಾಗಿ ಹೇಳಿದಳು. ಮೂರನೇ ಸಲ ಹೇಳಲಿಲ್ಲ, ಅರಚಿದಳು. ಹನ್ನೊಂದು ವರ್ಷ ಬೆಣ್ಣೆಯ ಹಾಗಿದ್ದ ದನಿ ಎಣ್ಣೆ ಕಾಣದ ಗೇಟಿನ ಹಾಗೆ ಕಿರುಗುಟ್ಟಿತು. ಅತ್ತ ಗಾರ್ಡು ಬಾಗಿಲುಗಳಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಸೀಟಿ ಊದಿ, ಹಸಿರು ಬಾವುಟ ಬೀಸಿದ. ಗಾಡಿ ಹಗುರವಾಗಿ ಹೊರಟುಹೋಯಿತು.

ಸ್ವಾಗತದ ಫಲಕ ಹಿಡಿದು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಹುಡುಕಿದ ರಿಪೇರಿ ಮೇಲೆ ಬಂದ.

"ಆರುನೂರು ಜನ ಇಳಿದ್ರು ಅಕ್ಕ. ಅವರೊಬ್ಬರು ಇಳೀಲಿಲ್ಲ."

ಐದೇ ನಿಮಿಷದಲ್ಲಿ ಮೇಲಧಿಕಾರಿಯ ಫೋನು ಬಂತು. ಸ್ಟೇಷನ್ ಮಾಸ್ಟರು ಎದ್ದು ನಿಂತು 'ಸಾರ್, ಸಾರ್' ಎನ್ನತೊಡಗಿದರು. ಗಮನಕ್ಕ ಅವರಿಂದ ರಿಸೀವರು ಇಸಿದುಕೊಂಡಳು.

"ಅದು ನನ್ನ ದನಿ ಸಾರ್," ಎಂದಳು. ಅದು ಸುಳ್ಳೇನಲ್ಲ.

"ಇದು ಮೊದಲನೇ ತಪ್ಪು ಅಂತ ಬಿಡ್ತೀನಿ," ಎಂದರು ಅಧಿಕಾರಿ. "ಆದ್ರೆ ಪ್ರಯಾಣಿಕರಿಂದ ಬರಹದಲ್ಲಿ ಒಂದೇ ಒಂದು ದೂರು ಬಂದ್ರೂ ನಾಳೆಯಿಂದ ನೀವು ಪಾರ್ಸೆಲ್ ಆಫೀಸು. ಮೈಕಿನ ಹತ್ತಿರ ಸುಳಿಯೋ ಹಾಗಿಲ್ಲ."

ನಾಲ್ಕೂವರೆಯ ಗಾಡಿ ಬರುವತನಕ ಗಮನಕ್ಕ ಕೂರಲಿಲ್ಲ. ಆರುನೂರು ಜನರ ಬಳಿಗೂ ಹೋದಳು. ನೀರು ಕೊಟ್ಟಳು, ಮಕ್ಕಳನ್ನು ಎತ್ತಿಕೊಂಡಳು, ಒಂಟಿ ಚಪ್ಪಲಿಯವನಿಗೆ ರಿಪೇರಿಯ ಚಪ್ಪಲಿ ಬಿಚ್ಚಿಸಿ ಕೊಟ್ಟಳು. ಅದು ತನ್ನ ಹಾಡು, ತಪ್ಪು ತನ್ನದು ಎಂದು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳಿದಳು. ಬೈಯಲು ಬಾಯಿ ತೆರೆದವರು ಅವಳ ಮುಖ ನೋಡಿ ಮುಚ್ಚಿದರು.

ಗಂಟಿನ ಮೇಲೆ ಕೂತ ಮುದುಕಿ, "ಯಾರೇ ಅವನು, ಇಳಿದುಹೋದವನು?" ಎಂದು ಕೇಳಿದಳು. ಗಮನಕ್ಕ ಹೇಳಿದಳು. ಮುದುಕಿ ಪೂರ್ತಿ ಕೇಳಿ, "ಹೋದ್ರೆ ಹೋಗ್ಲಿ ಬಿಡು ಮಗಳೇ, ಸಾಮಾನೂ ಮರೀದೆ ಒಯ್ದನಲ್ಲ," ಎಂದಳು.

ನಾಲ್ಕೂವರೆಯ ಗಾಡಿ ಎಲ್ಲರನ್ನೂ ತುಂಬಿಕೊಂಡು ಹೋದ ಮೇಲೆ ಸ್ಟೇಷನ್ ಮಾಸ್ಟರು ದೂರಿನ ಪುಸ್ತಕ ತೆರೆದು ತೋರಿಸಿದರು. ಪುಟ ಖಾಲಿ. ಅವಳು ಗೆದ್ದಿದ್ದಳು. ಅದಕ್ಕೂ ಮಿಗಿಲಾಗಿ ರಿಪೇರಿ ಒಂದು ಮಾತು ಹೇಳಿದ.

"ಯೋಚನೆ ಮಾಡು ಅಕ್ಕ. ಅವರು ಯಾಕೆ ಇಳೀಲಿಲ್ಲ? ನಿನ್ನ ಹಾಡಲ್ಲಿ ಅಷ್ಟು ಮುಳುಗಿಹೋಗಿದ್ರು."

ಆರು ಗಂಟೆಗೆ ವಿಮರ್ಶಕರದೇ ಫೋನು ಬಂತು, ಮುಂದಿನ ಯಾವುದೋ ಊರಿನಿಂದ.

"ನಿಮ್ಮ ಆಲ್ಬಮ್ ಕೇಳಿದೆನಮ್ಮ. ಎಷ್ಟೋ ವರ್ಷದ ಮೇಲೆ ಇಂಥ ಮೆದು ದನಿ ಕೇಳ್ತಾ ಇರೋದು. ಕಿವಿಗೆ ನವಿಲುಗರಿ ಸವರಿದ ಹಾಗೆ."

ಗಮನಕ್ಕ ಗೋಡೆಗೆ ಒರಗಿ ನಿಂತಳು.

"ನಿಮ್ಮೂರು ಬಂತು, ಎಲ್ಲರೂ ಇಳೀತಿದ್ರು, ನಾನೂ ಇಯರ್‌ಫೋನ್ ತೆಗೆದು ಏಳ್ತಾ ಇದ್ದೆ. ಅಷ್ಟರಲ್ಲಿ ಯಾರೋ ಹೆಂಗಸು ಮೈಕಲ್ಲಿ, ಒಳಗಿರೋರು ಕೂತಲ್ಲೇ ಕೂತಿರಿ ಅಂದ್ಲು. ನಾನು ನಿಯಮ ಮೀರೋನಲ್ಲ. ಕೂತೆ."

"ಸಾರ್, ಅದು..."

"ದನಿಯಾ ಅದು? ತಗಡು ಹರಿದ ಹಾಗಿತ್ತು. ನಿಮ್ಮ ಹಾಡು ಕೇಳ್ತಿದ್ದ ಕಿವಿಗೆ ಅದು ಬಿತ್ತು ನೋಡಿ, ಅಲ್ಲಿಗೆ ಮುಗೀತು. ಆಮೇಲೆ ಎಷ್ಟು ಸಲ ಹಾಕಿದ್ರೂ ನಿಮ್ಮ ಪ್ರತಿ ಹಾಡಲ್ಲೂ ಅವಳೇ ಕೇಳಿಸ್ತಾಳೆ. ವಿಮರ್ಶೆ ಬರೆಯೋಕೆ ಕೂತೆ, ಒಂದು ಸಾಲೂ ಆಗ್ಲಿಲ್ಲ. ಕೊನೆಗೆ ಅವಳ ಮೇಲೆ ಎರಡು ಪುಟ ದೂರು ಬರೆದು ರೈಲ್ವೆಯೋರಿಗೆ ಕಳಿಸ್ದೆ. ನಿಮ್ಮಂಥ ಕಲಾವಿದರಿಗೋಸ್ಕರ ಅಷ್ಟಾದ್ರೂ ಮಾಡದೆ ಇದ್ರೆ ಹೇಗೆ." ಆಮೇಲೆ ಕೇಳಿದರು, "ಯಾರು ಆ ಹೆಂಗಸು, ನಿಮಗೇನಾದ್ರೂ ಗೊತ್ತಾ?"

ಗಮನಕ್ಕ ಗಂಟಲು ಸರಿಮಾಡಿಕೊಂಡಳು.

"ಗೊತ್ತು ಸಾರ್. ನಾಳೆಯಿಂದ ಪಾರ್ಸೆಲ್ ಆಫೀಸಿನಲ್ಲಿರ್ತಾಳೆ."

"ಒಳ್ಳೇದಾಯ್ತು ಬಿಡಿ," ಎಂದರು ವಿಮರ್ಶಕರು. "ಇನ್ನು ನೀವು ನಿಶ್ಚಿಂತೆಯಾಗಿ ಹಾಡಿ."