ಅಮೆರಿಕಾದ ಬರೋ

ಎಲ್ಲದಕ್ಕೂ ಕಾರಣ ಶೇಂಗಾ ಕಟ್ಟಿಕೊಟ್ಟ ಒಂದು ಹರಕು ಕಾಗದ. ಅದು ಇಂಗ್ಲಿಷ್ ಪತ್ರಿಕೆಯ ಹಾಳೆ. ಅದರಲ್ಲಿ ಅಮೆರಿಕಾದ ಒಂದು ಸಣ್ಣ ಊರಿನ ವರ್ಣನೆ. ಜನ ನಾಲ್ಕು ಸಾವಿರ, ಒಂದು ಗಾಜಿನ ಕಾರಖಾನೆ, ಮೂರು ಮೈಲಿಯಾಚೆ ವಿಶ್ವವಿದ್ಯಾಲಯ. ಅಂಥ ಊರಿಗೆ ಅಲ್ಲಿ 'ಬರೋ' ಅನ್ನುತ್ತಾರಂತೆ. ಯಲವಿಗಿ ಶಾಲೆಯ ನೀಲಪ್ಪ ಮಾಸ್ತರರು ಶೇಂಗಾ ತಿಂದು ಮುಗಿಸಿದರು, ಬರೋ ಮಾತ್ರ ತಲೆಯಲ್ಲಿ ಉಳಿಯಿತು.

೧೯೩೮ರ ಆ ಸಂಜೆ ಡೆಪುಟಿ ಸಾಹೇಬರು ಶಾಲೆ ತಪಾಸಣೆಗೆ ಬರುವವರಿದ್ದರು. ಮಾಸ್ತರರ ವರ್ಗಾವಣೆಯ ಹುಕುಂ ಸಾಹೇಬರ ಕಿಸೆಯಲ್ಲೇ ಇದೆ, ಮನಸ್ಸು ಬಂದರೆ ಕೊಡುತ್ತಾರೆ ಎಂದು ಸುದ್ದಿ. ವರ್ಗ ಧಾರವಾಡಕ್ಕೆ, ಹೆಂಡತಿ ಭರಮವ್ವನ ತವರಿಗೆ. ಅವಳು ಬೆಳಿಗ್ಗೆಯೇ ಟ್ರಂಕಿಗೆ ಪಾತ್ರೆ ತುಂಬಿದ್ದಳು. ಸಾಹೇಬರೆದುರು ಒಂದು ಭಾಷಣ ಹೊಡೆದರೆ ಕೆಲಸ ಆದಂತೆಯೇ. 'ಅಮೆರಿಕಾದ ಊರು' ಎಂದು ಡಂಗುರ ಸಾರಿಸಬಹುದಿತ್ತು. ಆದರೆ ಊರು ಅಂದರೆ ಯಾರು ಬೆರಗಾಗುತ್ತಾರೆ? ಜಾಣತನಕ್ಕೆ ಕೋಡು ಮೂಡುವುದು ಇಂಥ ಹೊತ್ತಿನಲ್ಲೇ.

"ಗುದ್ಲೆಪ್ಪ, ಸಂಜಿಗೆ ಮಾಸ್ತರು ಅಮೆರಿಕಾದ ಬರೋ ಬಗ್ಗೆ ಮಾತಾಡ್ತಾರ ಅಂತ ಡಂಗುರಾ ಹೊಡಿ," ಎಂದು ಓಲೇಕಾರನನ್ನು ಕಳಿಸಿದರು.

ಎರಡನೆಯ ಓಣಿಯಲ್ಲಿ ಅದು "ಅಮೆರಿಕಾದವರು ಬರೂ ಬಗ್ಗೆ" ಆಯಿತು. ಮೂರನೆಯದರಲ್ಲಿ, "ಅಮೆರಿಕಾದವ ಬರ್ತಾನ್ರಪೋ, ಸಂಜಿ ಗಾಡಿಗೆ!"

ಮಧ್ಯಾಹ್ನ ನೆರೆಮನೆಯ ಕರೆವ್ವ ಓಡಿ ಬಂದಳು. "ಮಾಸ್ತರ, ಅಂವ ಖಾರ ತಿಂತಾನೇನ್ರಿ? ಬದನೀಕಾಯಿ ಎಣಗಾಯಿ ಮಾಡೇನಿ."

"ಯಾರೂ ಬರಂಗಿಲ್ಲ ಯವ್ವಾ! ಬರೋ ಅಂದ್ರ ಊರು!"

"ಊರಿಗೆ ಊರ ಬರ್ತೈತಿ?" ಕರೆವ್ವ ಎದೆಯ ಮೇಲೆ ಕೈಯಿಟ್ಟಳು. "ಅಷ್ಟು ಬದನೀಕಾಯಿ ಎಲ್ಲಿಂದ ತರ್ಲೆಪಾ!"

ಮಾಸ್ತರರು ಬಿಡಿಸಿ ಹೇಳಿದಷ್ಟೂ ಗಂಟು ಬಿಗಿಯಾಯಿತು. ಟಾಂಗಾಕ್ಕೆ ಸೇವಂತಿಗೆ ಸರ ಕಟ್ಟುತ್ತಿದ್ದ ಬಾಬಾಜಾನ, "ಮಾಸ್ತರು ಮುಚ್ಚಿಡಾಕತ್ತಾರ. ಅಂವನ ಕೈ ತಾವೊಬ್ರ ಕುಲುಕಬೇಕಂತ!" ಎಂದ. ಊರೆಲ್ಲ ಮಾಸ್ತರರನ್ನು ನೂಕಿಕೊಂಡೇ ಸ್ಟೇಶನ್ನಿಗೆ ನಡೆಯಿತು.

ಗಾಡಿ ನಿಂತಿತು. ಕೋಟು, ಹ್ಯಾಟು ತೊಟ್ಟ ಒಬ್ಬರು ಇಳಿದರು. ಬಣ್ಣ ಮಾತ್ರ ನಮ್ಮದೇ.

"ಹೊಗೀಗೆ ಕರ್ರಗಾಗ್ಯಾನ, ಪಾಪ," ಎಂದಳು ಕರೆವ್ವ.

ಮಾಲೆಗಳು ಬಿದ್ದವು, ಹಲಗೆ ಮೊಳಗಿತು. ಅವರು ಡೆಪುಟಿ ಸಾಹೇಬರು! ಮಾಸ್ತರರಿಗೆ ಹೋದ ಜೀವ ಬಂತು. ಸಾಹೇಬರನ್ನು ಶಾಲೆಗೆ ಕರೆತಂದು, ಕಾರಖಾನೆ, ವಿಶ್ವವಿದ್ಯಾಲಯ ಒಂದೂ ಬಿಡದೆ ಭಾಷಣ ಒಪ್ಪಿಸಿದರು. ಸಾಹೇಬರು ಕಣ್ಣೊರೆಸಿಕೊಂಡು ಕಿಸೆಯಿಂದ ಹುಕುಂ ತೆಗೆದರು. ಮಾಸ್ತರರು ಕೈ ಚಾಚಿಯೇಬಿಟ್ಟರು.

"ನೀಲಪ್ಪನವರ, ಡೆಪುಟಿ ಬಂದ್ರ ಊರಿಗೂರ ಕುಣಿಯೂದು ನಾ ಎಲ್ಲೂ ಕಂಡಿಲ್ಲ. ಇದು ನಿಮ್ಮ ಪುಣ್ಯಾ. ನಿಮ್ಮನ್ನ ಇಲ್ಲಿಂದ ಕಿತ್ತರ ನನಗ ಪಾಪ ಬರ್ತೈತಿ," ಎನ್ನುತ್ತ ಸಾಹೇಬರು ಹುಕುಂ ಪರ್ರನೆ ಹರಿದರು. "ಪಿಂಚಣಿ ತನಕಾ ಇಲ್ಲೇ ಇರ್ರಿ!"

ಆ ಮಾಲೆ ನಿಮಗಲ್ಲ ಎನ್ನಲು ಮಾಸ್ತರರಿಗೆ ಎಲ್ಲಿಯ ಧೈರ್ಯ?

ಮನೆಯಲ್ಲಿ ಭರಮವ್ವ ಟ್ರಂಕಿನ ಮೇಲೆಯೇ ಕುಳಿತಿದ್ದಳು. "ಯಾವಾಗ ಹೋಗೂದ್ರಿ?"

ಮಾಸ್ತರರು ಟೋಪಿ ತೆಗೆದು ಗೂಟಕ್ಕೆ ಹಾಕಿದರು. "ಬರೋ ಬಗ್ಗೆ ಮಾತಾಡಾಕ ಹೋಗಿ, ಹೋಗೂದ ತಪ್ಪಿತು."