ಸರ್ವರ್ ಮನೆ ಬಿಟ್ಟ ದಿನ

ವನಿತಾ: ಅಲ್ರೀ, ಸರ್ವರ್ ಮನಿ ಬಿಟ್ಟು ಹೊಂಟೈತಿ, ಅದಕ್ಕ ಯಾರೂ ಬ್ಯಾಡ ಅನ್ನಲಿಲ್ಲ. ನಾ ಎಂಟು ದಿನ ತವರಿಗೆ ಹೊಂಟೀನಿ ಅಂದ್ರ ಇಷ್ಟು ರಾಡಿ ಯಾಕ?

ಸೋಮೇಶ: ಹೋಗಬ್ಯಾಡ ಅಂದ್ನೇನು? ನಾಳೆ ಹೋಗು ಅಂದೆ.

ವನಿತಾ: ನಾಕು ವರ್ಷದಿಂದ ನಾಳೇನ ಐತಿ ನಿಮ್ಮದು. ಹನ್ನೆರಡೂವರಿಗೆ ಮುಂಡರಗಿ ಬಸ್ಸು, ಅಲ್ಲಿಂದ ಹಮ್ಮಿಗಿ. ಸಂಜೀಕ ಹೊಳ್ಯಾಗ ಕಾಲು ಇಳಿಬಿಟ್ಟು ಕುಂಡ್ರತೀನಿ.

ಸೋಮೇಶ: ಸರ್ವರ್ ಕ್ಲೌಡಿಗೆ ಹೋಗೂತನಕ ಆದ್ರೂ ನೀ ಇಲ್ಲಿರಬೇಕು.

ವನಿತಾ: ಯಾಕ? ಅದಕ್ಕ ಉಡಿ ತುಂಬಿ ಕಳಸಬೇಕೇನು?

ಬೆಟಗೇರಿಯ ಆ ಮನೆಯಲ್ಲಿ, ಅಡುಗೆಮನೆಯ ಪಕ್ಕದ ಕೋಣೆಯೊಳಗೆ, ವನಿತಾಳ ಹೊಲಿಗೆ ಯಂತ್ರವಿದ್ದ ಜಾಗದಲ್ಲಿ ಒಂದು ಕರಿಯ ಪೆಟ್ಟಿಗೆ ಗುಂಯ್‌ಗುಡುತ್ತ ಕೂತಿತ್ತು. ಸೋಮೇಶ ಕೆಲಸ ಮಾಡುವ ವಿದ್ಯಾಸಂಸ್ಥೆಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಶಾಲೆಗಳು. ಅಲ್ಲಿನ ತೊಂಬತ್ತು ಕಂಪ್ಯೂಟರುಗಳ ಪಾಸ್‌ವರ್ಡು, ಅಪ್‌ಡೇಟು, ಬೀಗಮುದ್ರೆ ಎಲ್ಲವನ್ನೂ ನೋಡಿಕೊಳ್ಳುವ ಸರ್ವರ್ ಅದು. ಆಫೀಸಿನ ಮಾಳಿಗೆ ಸೋರಿದಾಗ ಎರಡು ದಿನದ ಮಟ್ಟಿಗೆ ಎಂದು ಸೋಮೇಶ ಅದನ್ನು ಮನೆಗೆ ತಂದಿದ್ದ. ನಾಲ್ಕು ವರ್ಷವಾಯಿತು. ಕರೆಂಟು ಹೋದಾಗ ಅದನ್ನು ಜೋಪಾನವಾಗಿ ಮಲಗಿಸಿ, ಬಂದಾಗ ಎಬ್ಬಿಸಲು ಮನೆಯಲ್ಲಿ ಯಾರಾದರೂ ಇರಲೇಬೇಕು. ಯಾರಾದರೂ ಎಂದರೆ ವನಿತಾ.

ಈ ರವಿವಾರ ಹುಬ್ಬಳ್ಳಿಯ ಒಂದು ಕಂಪನಿಯ ಇಂಜಿನಿಯರ್ ಆಯೇಶಾ ಕೂತಲ್ಲಿಂದಲೇ ಅದರ ಕೆಲಸವನ್ನೆಲ್ಲ ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನಾಚೆಯ ದೊಡ್ಡ ಕಂಪ್ಯೂಟರುಗಳಿಗೆ, ಸಾಗಿಸುವವಳಿದ್ದಳು. ಮರುದಿನ ಮಕ್ಕಳ ಕಂಪ್ಯೂಟರ್ ಪರೀಕ್ಷೆ. ಒಂದು ಲ್ಯಾಬು ತೆರೆಯದೆ ಹೋದರೂ ಸೋಮೇಶನಿಗೆ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ. ವನಿತಾಳ ಚೀಲ ಆಗಲೇ ಹೊಸ್ತಿಲ ಬಳಿ ಬಂದು ಕೂತಿತ್ತು.

ಸೋಮೇಶ: ಸಣ್ಣಗ ಮಾತಾಡು, ಆ ಹುಡುಗಿ ಲೈನಿನ್ಯಾಗ ಅದಾಳ. ಹಾಂ, ಹೇಳ್ರಿ ಆಯೇಶಾ.

ಆಯೇಶಾ (ಫೋನಿನ ಸ್ಪೀಕರಿನಲ್ಲಿ): ಸರ್, ಹಳೇ ದಾಖಲಿ ಎಲ್ಲಾ ನೋಡಿದೆ. ನಿಮಗ ಕೈ ಮುಗೀಬೇಕ್ರಿ. ನಾಕು ವರ್ಷದಾಗ ಒಂದು ದಿನಾನೂ ತಪ್ಪಿಲ್ಲ. ದಿನಾ ಮುಂಜಾನೆ ಐದು ಐವತ್ತಕ್ಕ ಲಾಗಿನ್ ಆಗೀರಿ!

ಸೋಮೇಶ (ಕಾಲರ್ ಸರಿಮಾಡಿಕೊಂಡು): ಕೆಲಸ ಅಂದ ಮ್ಯಾಲೆ ಶಿಸ್ತು ಬೇಕಲ್ರಿ.

ವನಿತಾ: ಐದು ಐವತ್ತಕ್ಕ ಆ ಶಿಸ್ತು ಗೊರಕಿ ಹೊಡೀತಿರ್ತೈತಿ.

ಆಯೇಶಾ: ಏನಂದ್ರಿ ಸರ್?

ಸೋಮೇಶ: ಏನಿಲ್ರಿ, ನಮ್ಮ ಮನಿಯವರು. ಮುಂದ ಹೇಳ್ರಿ.

ಆಯೇಶಾ: ಒಂದು ಸಂಶೆ ಐತ್ರಿ. ದಿನಾ ಆರೂ ಹತ್ತಕ್ಕ ಐದು ನಿಮಿಷ ಕೆಲಸ ನಿಂತಬಿಟ್ಟೈತಿ. ನೆಟ್‌ವರ್ಕ್ ತ್ರಾಸೇನ್ರಿ?

ಸೋಮೇಶ: ಹಾಂ, ಹಾಂ. ನಮ್ಮ ಓಣ್ಯಾಗ ನೆಟ್‌ವರ್ಕ್ ಬಾಳ ವೀಕ್ ಐತಿ.

ವನಿತಾ: ಹಾಲು ಉಕ್ಕೂ ಹೊತ್ತವಾ ತಂಗಿ ಅದು.



ಆಯೇಶಾ: ಹಂಗಾದ್ರ ಲಾಗಿನ್ ಆಗೂದು ನೀವೇನ್ರಿ ಮೇಡಂ?

ವನಿತಾ: ಇದನ್ನ ತಂದ ಮರುದಿನ ಇವರು 'ಕೆಂಪು ಬಂದ್ರ ಇಲ್ಲಿ ಒತ್ತು' ಅಂತ ಹೇಳಿ ಜಳಕಕ್ಕ ಹೋದ್ರು. ಇನ್ನೂ ಹೊರಗ ಬಂದಿಲ್ಲ ನೋಡು.

ಸೋಮೇಶ: ಬಟನ್ ಒತ್ತೂದು ದೊಡ್ಡ ಕೆಲಸ ಅಲ್ಲ. ಹಿಂದಿನ ಸೆಟ್ಟಿಂಗ್ ಎಲ್ಲಾ ನಂದು. ಆಯೇಶಾ, ಬುಧವಾರ ರಾತ್ರಿ ಎರಡಕ್ಕ ಎಲ್ಲಾ ಶಾಲಿಗೂ ಅಪ್‌ಡೇಟ್ ಆಟೊಮ್ಯಾಟಿಕ್ ಹೊಕ್ಕಾವು. ನನ್ನ ಕೈಯಾರ ಮಾಡಿಟ್ಟದ್ದು. ಅದನ್ನ ಹಂಗ ಎತ್ತಿ ಕ್ಲೌಡಿನ್ಯಾಗ ಇಟ್ಟಬಿಡ್ರಿ.

ಆಯೇಶಾ: ಅದು ಬಂದ್ ಐತಲ್ರಿ ಸರ್. ಮೂರು ವರ್ಷ ಹತ್ತು ತಿಂಗಳಾತು.

ಸೋಮೇಶ: ಬಂದ್? ಯಾರು ಬಂದ್ ಮಾಡಿದ್ರು?

ವನಿತಾ: ನಾನ. ರಾತ್ರಿ ಎರಡಕ್ಕ ಯಾವ ಕಂಪ್ಯೂಟರ್ ನಿಮ್ಮ ದಾರಿ ಕಾಯ್ಕೊಂತ ಕುಂತಿರ್ತೈತಿ? ಸಂಜಿ ಐದಕ್ಕ ಮುದಕಪ್ಪ ಮೇನ್ ಸ್ವಿಚ್ ತೆಗದು, ಕೀಲಿ ಹಾಕ್ಕೊಂಡು ಮನಿಗೆ ಹೋಗಿರ್ತಾನ. ಎಲ್ಲಾ ಶಾಲ್ಯಾಗೂ ಅದ ಪದ್ಧತಿ.

ಸೋಮೇಶ: ಮತ್ತ ಇಷ್ಟು ದಿನ ಅಪ್‌ಡೇಟ್ ಹೆಂಗ ಹೋದ್ವು?

ವನಿತಾ: ಮುಂಡರಗಿಗೆ ಮಂಗಳವಾರ ಮಧ್ಯಾಹ್ನ, ಮಕ್ಕಳು ಉಣ್ಣಾಕ ಹೋದಾಗ. ಲಕ್ಷ್ಮೇಶ್ವರಕ್ಕ ಶುಕ್ರವಾರ, ಹಸೀನಾಬಿ ಟೀಚರ್ ಲ್ಯಾಬು ಅವತ್ತ ಖಾಲಿ ಇರ್ತೈತಿ. ಶಿರಹಟ್ಟಿಗೆ ಶನಿವಾರ, ಉಳಿದ ದಿನ ಅಲ್ಲಿ ಕರೆಂಟಿನ ಭರೋಸಾ ಇಲ್ಲ. ಫೋನ್ ಹಚ್ಚಿ ಚಾಲೂ ಮಾಡಸ್ತೀನಿ. ಮೊದಲ ಒಂದಕ್ಕ ಹಾಕಿ ನೋಡ್ತೀನಿ, ಆಮ್ಯಾಲೆ ಎಲ್ಲಾಕ್ಕೂ. ಅನ್ನ ಬೆಂದೈತೋ ಇಲ್ಲೋ ಅಂತ ಒಂದು ಅಗಳು ಹಿಚುಕಿ ನೋಡಂಗಿಲ್ಲೇನು?

ಆಯೇಶಾ: ಯಾ ಅಲ್ಲಾ! ಇದನ್ನ ನಮಗ ಆರು ತಿಂಗಳು ಟ್ರೇನಿಂಗ್ ಕೊಟ್ಟು ಕಲಿಸ್ಯಾರ್ರಿ ಮೇಡಂ. ಅಂದಂಗ ಮುದಕಪ್ಪ ಅನ್ನೂದು ನನ್ನ ಪಟ್ಟಿಯೊಳಗ ಇಲ್ಲಲ್ರಿ. ಯಾವ ಸಾಫ್ಟ್‌ವೇರು?

ವನಿತಾ: ಸಾಫ್ಟ್‌ವೇರ್ ಅಲ್ಲವಾ, ಮುಂಡರಗಿ ಶಾಲಿ ಸಿಪಾಯಿ. ಚಾ ಕುಡೀದ ಚಾಲೂ ಆಗಂಗಿಲ್ಲ, ಅದೊಂದು ಬರಕೋ.

ಆಯೇಶಾಳಿಗೆ ಹೇಳಲೆಂದು ಬರೆದಿಟ್ಟುಕೊಂಡಿದ್ದ ತನ್ನ ಕೈಯಲ್ಲಿನ ಪಟ್ಟಿಯನ್ನು ಸೋಮೇಶ ನೋಡಿಕೊಂಡ. ಒಂದೇ ಹಾಳೆ, ಅದರಲ್ಲೂ ಅರ್ಧ ಸಂಸ್ಥೆಯ ವಿಳಾಸ. ಅವನ ಮುಖ ನೋಡಿ ವನಿತಾಳಿಗೆ ಅಯ್ಯೋ ಅನಿಸಿತು. ಗಡಿಯಾರ ನೋಡಿದಳು, ಹನ್ನೊಂದೂ ಮುಕ್ಕಾಲು. ಬಂದ ಅಯ್ಯೋ ಹಾಗೇ ಹಿಂದಿರುಗಿತು.

ಆಯೇಶಾ: ಸರ್, ಮೇಡಂ ಹೇಳಿದಂಗ ವ್ಯಾಳ್ಯಾ ಎಲ್ಲಾ ತಿದ್ದೀನಿ. ಆದ್ರ ಈಗ ಬದಲಿ ಮಾಡಬೇಕಂದ್ರ ಎಲ್ಲಾ ಶಾಲಿ ಕಂಪ್ಯೂಟರ್ ಚಾಲೂ ಇರಬೇಕ್ರಿ. ಇವತ್ತು ರವಿವಾರ...

ಸೋಮೇಶ (ಹಣೆ ಬಡಿದುಕೊಂಡು): ಸತ್ತೆ!

ವನಿತಾ: ಸಾಯಬ್ಯಾಡ್ರಿ, ಬಸ್ಸು ತಪ್ಪತೈತಿ ನಂದು. ಮುಂಜಾನೆ ಎಂಟಕ್ಕ ಎಲ್ಲಾ ಶಾಲಿಯವರಿಗೂ ಫೋನ್ ಹಚ್ಚೀನಿ. ಲ್ಯಾಬು ತೆಗದು, ಕಂಪ್ಯೂಟರ್ ಚಾಲೂ ಮಾಡಿ ಕುಂತಾರ.

ಹತ್ತು ನಿಮಿಷ ಆಯೇಶಾ ಒಂದೊಂದೇ ಶಾಲೆಯನ್ನು ಕ್ಲೌಡಿಗೆ ಜೋಡಿಸಿದಳು. ಆಮೇಲೆ ಫೋನಿನಿಂದ ಆಯೇಶಾಳ ನಗು ಕೇಳಿತು.

ಆಯೇಶಾ: ಹೋತ್ರಿ ಸರ್! ಎಲ್ಲಾ ಕ್ಲೌಡಿಗೆ ಹೋತು. ಇನ್ನ ಕರೆಂಟಿನ ಚಿಂತಿ ಇಲ್ಲ, ಪೆಟ್ಟಿಗಿ ಕಾಯೂ ಚಿಂತಿ ಇಲ್ಲ. ಎಲ್ಲಿ ಕುಂತರೂ ಮೊಬೈಲಿನ್ಯಾಗ ಕೆಲಸ ಮಾಡಬಹುದು.

ಸೋಮೇಶ (ಬಾಡಿದ ಮುಖ ಅರಳಿ): ಎಲ್ಲಿ ಕುಂತರೂ? ಹಮ್ಮಿಗ್ಯಾಗ ಕುಂತರೂ?

ಆಯೇಶಾ: ಎಲ್ಲಿ ಕುಂತರೂ ಸರ್.

ಸೋಮೇಶ: ವನಿತಾ, ಹೋಗು! ಎಂಟು ದಿನ ಯಾಕ, ಹದಿನೈದು ದಿನ ಇದ್ದು ಬಾ. ಹೊಳ್ಯಾಗ ಕಾಲು ಇಳಿಬಿಡು. ಕೈ ಹೆಂಗೂ ಖಾಲೀನ ಇರ್ತಾವಲ್ಲ!

ವನಿತಾ: ನನ್ನ ಕೈ ಖಾಲಿ ಕಂಡ್ರ ನಿಮ್ಮ ಹೊಟ್ಟ್ಯಾಗ ಸಂಕಟ ಆಗತೈತಿ ನೋಡ್ರಿ. ಇಲ್ಲಿತನಕ ಈ ಪೆಟ್ಟಿಗಿ ಕೋಣ್ಯಾಗರ ಇತ್ತು, ಹೊಸ್ತಲದಾಚೆ ಬರತಿರಲಿಲ್ಲ. ಈಗ ನನ್ನ ಕೂಡ ಬಸ್ಸು ಹತ್ತಿ ತವರಿಗೂ ಬರಬೇಕೇನು?

ಸೋಮೇಶ: ದಿನಕ್ಕ ಹತ್ತು ನಿಮಿಷದ ಕೆಲಸ ಮಾರಾಯ್ತಿ.

ವನಿತಾ: ಹತ್ತ ನಿಮಿಷದ್ದಾದ್ರ ನೀವ ಮಾಡ್ರಿ. ಇಷ್ಟು ಸಣ್ಣ ಕೆಲಸಕ್ಕ ಇಬ್ಬರ್ಯಾಕ?

ಆಯೇಶಾ: ಮೇಡಂ, ಕಡೀ ಪ್ರಶ್ನೆ ಒಂದೈತ್ರಿ. ಏನರ ತ್ರಾಸಾದ್ರ ಶಾಲಿಯವರು ಯಾವ ನಂಬರಿಗೆ ಫೋನ್ ಹಚ್ಚಬೇಕು? ಹಳೇದರಾಗ ನಿಮ್ಮದ ಐತಿ.

ಸೋಮೇಶ: ಅದ ಇರಲಿ, ಅದ ಇರಲಿ.

ವನಿತಾ: ಬರಕೋವಾ ತಂಗಿ.

ಅವಳು ಗಂಡನ ನಂಬರನ್ನು ಒಂದಂಕಿಯೂ ತಪ್ಪದೆ ನಿಧಾನವಾಗಿ ಹೇಳಿದಳು. ತನ್ನ ನಂಬರು ಇಷ್ಟು ಉದ್ದವಿದೆ ಎಂದು ಸೋಮೇಶನಿಗೆ ಅಂದೇ ಗೊತ್ತಾದದ್ದು. 'ಎಲ್ಲಾ ಶಾಲಿಗೂ ಕಳಿಸಿದ್ನಿ ಮೇಡಂ, ಇನ್ನ ಪೆಟ್ಟಿಗಿ ಆರಿಸ್ರಿ, ಆರಾಮ ಹೋಗಿ ಬರ್ರಿ' ಎಂದು ಆಯೇಶಾ ಫೋನಿಟ್ಟಳು.

ವನಿತಾ ಬಗ್ಗಿ ಪೆಟ್ಟಿಗೆಯನ್ನು ಆರಿಸಿದಳು. ನಾಲ್ಕು ವರ್ಷದ ಗುಂಯ್ ನಿಂತಿತು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಹಿಂದಿನ ಓಣಿಯ ಮಗ್ಗದ ಖಟಪಟ ಕೋಣೆಯೊಳಗೇ ಬಂದಂತೆ ಕೇಳಿಸಿತು. ಅವಳು ಒಂದು ಗಳಿಗೆ ಕಿವಿಗೊಟ್ಟು ನಿಂತಳು. ಅಷ್ಟರಲ್ಲಿ ಸೋಮೇಶನ ಫೋನು ಹೊಡೆದುಕೊಂಡಿತು. ಅವನು ಅದನ್ನು ಹಂಚಿನಿಂದ ಆಗಷ್ಟೇ ತೆಗೆದ ರೊಟ್ಟಿಯಂತೆ ಎರಡು ಬೆರಳಲ್ಲಿ ಹಿಡಿದು ಸ್ಪೀಕರಿಗೆ ಹಾಕಿದ.

ಮುದಕಪ್ಪ: ನಮಸ್ಕಾರ್ರಿ, ನಾ ಮುಂಡರಗಿ ಮುದಕಪ್ಪ. ಹೊಸಾ ನಂಬರ್ ಬಂತು, ಹಚ್ಚಿದ್ನಿ. ಇಲ್ಲೊಂದು ಕಂಪ್ಯೂಟರ್ ಪಾಸ್‌ವರ್ಡ್ ಕೇಳಾಕತ್ತೈತಿ. ಮೇಡಮ್ಮರಿಗೆ ಕೊಡ್ರಿ.

ಸೋಮೇಶ: ನನಗ ಹೇಳು. ಸಿಸ್ಟಮ್ ಅಡ್ಮಿನ್ ನಾನ.

ಮುದಕಪ್ಪ: ಅದು ಗೊತ್ತೈತ್ರಿ ಸಾಹೇಬ್ರ. ಆದ್ರ ಕೆಲಸ ಐತಿ, ಮೇಡಮ್ಮರಿಗೆ ಕೊಡ್ರಿ.

ಸೋಮೇಶ ಹೆಂಡತಿಯ ಕಡೆ ಫೋನು ಚಾಚಿದ. ಚೀಲ ಹೆಗಲಿಗೇರಿಸಿಕೊಂಡಿದ್ದ ವನಿತಾ ಅದನ್ನು ಮುಟ್ಟಲಿಲ್ಲ. ದೂರದಿಂದಲೇ ಬಗ್ಗಿ ಮಾತಾಡಿದಳು.

ವನಿತಾ: ಮುದಕಪ್ಪಣ್ಣ, ಇವತ್ತಿಂದ ಎಲ್ಲಾ ಸಾಹೇಬ್ರನ ನೋಡ್ತಾರ. ಹೊಸಬ್ರು, ಗಾಬರಿ ಆಗ್ತಾರ. ಸಾವಕಾಶ ಹೇಳಿಕೊಡ್ರಿ.

ಮುದಕಪ್ಪ: ಆತು ಬಿಡ್ರಿ ಮೇಡಮ್ಮರ, ನೀವು ಬಸ್ಸು ಹತ್ರಿ. ಹಾಂ ಸಾಹೇಬ್ರ, ಅಂಜಬ್ಯಾಡ್ರಿ. ಮೊದಲ ಒಂದು ಹಾಳಿ, ಪೆನ್ನು ತಗೊಂಡು ಕುಂಡ್ರಿ.